ಅರ್ಧ ಉಜ್ಜಿದ ಜಾಲರಿ

ನಾನು ಸಮುದ್ರ ನೋಡಿದ್ದು ಮಿಶಿಗನ್‌ನಲ್ಲಿ, ಮಗಳ ಮನೆಯ ಹಾಲ್‌ನಲ್ಲಿ, ಅರವತ್ತೆರಡನೆಯ ವಯಸ್ಸಿಗೆ. ಮೈಸೂರಿನಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಮದುವೆ ಛತ್ರಗಳ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವಳಿಗೆ ಸಮುದ್ರದ ಹತ್ತಿರ ಹೋಗುವ ಕೆಲಸವೇ ಬೀಳಲಿಲ್ಲ. ವಿಮಾನ ಸಮುದ್ರದ ಮೇಲೆ ಹಾರುವಾಗ ಕಿಟಕಿ ಪಕ್ಕದವರು ಪರದೆ ಎಳೆದುಕೊಂಡು ಮಲಗಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಸಮುದ್ರ ಎಂದರೆ ಉಪ್ಪು ನೀರು, ತುಂಬಾ ಇರುತ್ತದೆ, ಅಷ್ಟು ಗೊತ್ತಿತ್ತು.

ಮಗಳ ಬಾಣಂತನಕ್ಕೆಂದು ಮಾರ್ಚ್‌ನಲ್ಲಿ ವೆಸ್ಟ್ ಬ್ಲೂಮ್‌ಫೀಲ್ಡ್‌ಗೆ ಬಂದೆ. ಎಲ್ಲರ ಕೆಲಸವೂ ಹೋಗುತ್ತಿದ್ದ ಕಾಲ ಅದು. ಅಳಿಯ ಕಾರಿನ ಬಿಡಿಭಾಗ ಡಿಸೈನ್ ಮಾಡುವ ಕಂಪನಿಯಲ್ಲಿದ್ದರು. ಅವರ ವಿಭಾಗವನ್ನೇ ಮುಚ್ಚಿ ಕಳಿಸಿದ್ದರು. ನಾನು ಬಂದಾಗ ಅವರು ಮನೆಯಲ್ಲಿ ಕೂತು ಐದು ತಿಂಗಳಾಗಿತ್ತು. ಪಕ್ಕದ ಬೀದಿಯವರು ಮನೆಯನ್ನೇ ಬಿಟ್ಟು ಹೋಗುವಾಗ ಡ್ರೈವ್‌ವೇಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ ಇಟ್ಟು, ಬೇಕಾದವರು ತೆಗೆದುಕೊಂಡು ಹೋಗಿ ಎಂದು ಚೀಟಿ ಅಂಟಿಸಿದ್ದರಂತೆ. ಅದನ್ನು ತಂದು ಹಾಲ್‌ನಲ್ಲಿ ಕೂರಿಸಿ, ಉಪ್ಪಿನ ಪುಡಿ ಕದಡಿ ಸಮುದ್ರದ ನೀರು ಮಾಡುತ್ತಿದ್ದರು. ಕೆಲಸವಿಲ್ಲದ ಗಂಡಸು ದಿನವಿಡೀ ಟಿವಿ ಮುಂದೆ ಕೂರುವುದಕ್ಕಿಂತ ಇದು ವಾಸಿ ಎಂದುಕೊಂಡೆ. ಅಳಿಯ ಯಾವುದೋ ಗಾಜಿನ ನಳಿಗೆ ಹಿಡಿದು ಉಪ್ಪು ಅಳೆಯುತ್ತಿದ್ದಾಗ ನಾನು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, "ಇನ್ನೂ ಸ್ವಲ್ಪ ಬೇಕು" ಎಂದೆ. ಅವರ ನಳಿಗೆಯೂ ಅದನ್ನೇ ಹೇಳಿತು.

ಆಮೇಲೆ ಕಲ್ಲು ಬಂತು. ಅಂಗಡಿಯಿಂದ ಒದ್ದೆ ಪೇಪರ್ ಸುತ್ತಿ ತಂದ ಕಲ್ಲು, ತೂತು ತೂತು, ವಾಸನೆ.

"ಕಲ್ಲು ದುಡ್ಡು ಕೊಟ್ಟು ತಂದ್ರಾ? ಹಿತ್ತಲಲ್ಲಿ ಬೇಕಾದಷ್ಟು ಬಿದ್ದಿದ್ವಲ್ಲ" ಎಂದೆ.

"ಇದು ಜೀವ ಇರೋ ಕಲ್ಲು ಅತ್ತೆ. ನೋಡ್ತಾ ಇರಿ."

ಅಳಿಯನ ಮಾತಿಗೆ ಎದುರಾಡಬಾರದು ಎಂದು ಮಗುವಿನ ಹತ್ತಿರ ಹೋದೆ. ನಾಲ್ಕು ದಿನ ಏನೂ ಇರಲಿಲ್ಲ. ಐದನೇ ದಿನ ಮಗುವಿಗೆ ಎಣ್ಣೆ ಹಚ್ಚುತ್ತಾ ಅತ್ತ ನೋಡಿದರೆ, ಕಲ್ಲಿನ ಒಂದು ತೂತಿನಿಂದ ಬೆರಳುಗುರಿನಷ್ಟು ಬೀಸಣಿಗೆ ಹೊರಗೆ ಬಂದು ನಿಂತಿತ್ತು. ಕೆಂಪು ಬಿಳಿ ಪಟ್ಟೆ. ನಾನು ಎದ್ದು ಹತ್ತಿರ ಹೋಗುತ್ತಲೇ ಸರಕ್ಕನೆ ಒಳಗೆ ಹೋಯಿತು. ಎಣ್ಣೆ ಕೈಯಲ್ಲೇ ನಿಂತುಕೊಂಡು ಕಾದೆ. ಮತ್ತೆ ಬಂತು. ಇನ್ನೊಂದು ಕಡೆ ದಾರದಷ್ಟು ತೆಳ್ಳಗಿನ ಐದು ಕಾಲು ಸಂದಿಯಿಂದ ಚಾಚಿ, ನೀರಿನಲ್ಲಿ ಏನನ್ನೋ ತಡಕಾಡುತ್ತಿದ್ದವು. ಕಲ್ಲಿನ ತುಂಬಾ ಜನ ಕೂತಿದ್ದರು. ಇಷ್ಟು ದಿನ ನಮ್ಮನ್ನು ನೋಡುತ್ತಾ ಸುಮ್ಮನಿದ್ದರು ಅಷ್ಟೆ.

ಮಗು ಅಳುತ್ತಿತ್ತು. ನನಗೆ ಸ್ವಲ್ಪ ಹೊತ್ತು ಕೇಳಿಸಲಿಲ್ಲ.

ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಮೀನು ಬಂದವು. ಒಂದು ಕಲ್ಲಿಗೆ ಅಂಟಿಕೊಂಡ ಹೂವಿನ ಗೊಂಚಲು ಬಂತು. ಹನ್ನೊಂದು ಹೂವು, ಒಂದೊಂದೂ ಸೇವಂತಿಗೆ ಮೊಗ್ಗಿನಷ್ಟು, ಹಸಿರು ಅಂಚು, ನಡುವೆ ಕುಂಕುಮದ ಬಣ್ಣ. ಬೆಳಿಗ್ಗೆ ತೊಟ್ಟಿಯ ದೀಪ ಹತ್ತಿದಾಗ ಅರಳುತ್ತಿದ್ದವು, ಸಂಜೆಗೆ ಮುಚ್ಚುತ್ತಿದ್ದವು.

"ಹೂವಲ್ಲ ಅತ್ತೆ, ಪ್ರಾಣಿ ಅವು. ಹನ್ನೊಂದು ಬಾಯಿ" ಎಂದರು ಅಳಿಯ.

ಅವತ್ತಿನಿಂದ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವುಗಳ ಮುಂದೆ ಕೂತು ಎಷ್ಟು ಅರಳಿವೆ ಎಂದು ಎಣಿಸುವುದು ನನಗೆ ಅಭ್ಯಾಸವಾಯಿತು. ಮನೆಯೊಳಗೆ ನಮಗೆ ಅಲ್ಲಿಯ ಲೆಕ್ಕದಲ್ಲಿ ಅರವತ್ತೆಂಟು ಡಿಗ್ರಿ, ನಮ್ಮೂರ ಲೆಕ್ಕಕ್ಕೆ ಇಪ್ಪತ್ತು, ಇಡುತ್ತಿದ್ದರು, ಕರೆಂಟು ಗ್ಯಾಸು ಉಳಿಸಬೇಕಲ್ಲ. ಮೀನಿನ ನೀರಿಗೆ ಎಪ್ಪತ್ತೆಂಟು. ಆ ಮನೆಯಲ್ಲಿ ಬೆಚ್ಚಗಿದ್ದವರು ಅವರೇ.

ಮೇ ತಿಂಗಳಿಗೆ ತೊಟ್ಟಿಗೆ ಪಾಚಿ ಹತ್ತಿತು. ಮೊದಲು ಮರಳಿನ ಮೇಲೆ ಕಂದು ಧೂಳು. ಆಮೇಲೆ ಕಲ್ಲಿನ ಮೇಲೆ ಹಸಿರು ಕೂದಲು. ಅಳಿಯ ಕೈ ಹಾಕಿ ಕಿತ್ತರೆ ವಾರಕ್ಕೆ ಮತ್ತೆ ಅಷ್ಟೇ. ಅದೇ ಹೊತ್ತಿಗೆ ಅವರಿಗೆ ಕೆಲಸ ಸಿಕ್ಕಿತು, ಇಲ್ಲಲ್ಲ, ಶಿಕಾಗೋ ಕಡೆ, ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಫ್ಯಾಕ್ಟರಿಯಲ್ಲಿ, ಕಾಂಟ್ರಾಕ್ಟ್ ಮೇಲೆ. ಬೋಲಿಂಗ್‌ಬ್ರೂಕ್‌ನಲ್ಲಿ ಸ್ನೇಹಿತರೊಬ್ಬರ ಬೇಸ್‌ಮೆಂಟ್‌ನಲ್ಲಿ ವಾಸ. ಭಾನುವಾರ ಊಟ ಮಾಡಿ ಹೊರಟರೆ ಶುಕ್ರವಾರ ಅರ್ಧ ದಿನ ಕೆಲಸ ಮುಗಿಸಿ ಐದು ಗಂಟೆ ಡ್ರೈವ್ ಮಾಡಿಕೊಂಡು ಬರುವುದು. ಬರುವಾಗ ಗಡಿಯಾರದಲ್ಲಿ ಒಂದು ಗಂಟೆ ಕಳೆದುಹೋಗುತ್ತಿತ್ತು, ಹೋಗುವಾಗ ವಾಪಸ್ಸು ಸಿಗುತ್ತಿತ್ತು. ಮಗಳೂ ಆಸ್ಪತ್ರೆಯ ಲ್ಯಾಬ್ ಕೆಲಸಕ್ಕೆ ಹೊರಟಳು. ಹಗಲೆಲ್ಲ ನಾನು, ಮಗು, ತೊಟ್ಟಿ.

ಹೋಗುವ ಮುಂಚೆ ಅಳಿಯ ಒಂದು ಯಂತ್ರ ಮಾಡಿದರು. ಯಂತ್ರ ಎಂದರೆ ಬಿಳಿ ಪ್ಲಾಸ್ಟಿಕ್ ಬಕೆಟ್ಟು. ಅದರೊಳಗೆ ನಿಲ್ಲಿಸಿದ ಒಂದು ಜಾಲರಿ. ಹೆಂಗಸರು ಉಣ್ಣೆಯಲ್ಲಿ ಕಸೂತಿ ಹಾಕುತ್ತಾರಲ್ಲ, ಆ ಪ್ಲಾಸ್ಟಿಕ್ ಜಾಲರಿಯೇ. ಒಳ್ಳೆ ನುಣ್ಣಗಿದ್ದದ್ದನ್ನು ಗರಗಸದ ಅಲಗಿನಲ್ಲಿ ಎರಡೂ ಕಡೆ ಗೀಚಿ ಗೀಚಿ ಒರಟು ಮಾಡಿದರು. ಅದರ ಮೇಲಂಚಿಗೆ ಸೀಳಿದ ಒಂದು ಪೈಪು, ಬಚ್ಚಲ ಪರದೆಯ ಉಂಗುರಗಳಲ್ಲಿ ತೂಗುಬಿಟ್ಟದ್ದು. ತೊಟ್ಟಿಯಿಂದ ಪಂಪು ನೀರನ್ನು ಮೇಲಕ್ಕೆ ತಳ್ಳಿದರೆ ಅದು ಜಾಲರಿಯ ಎರಡೂ ಮೈಮೇಲೆ ತೆಳ್ಳಗೆ ಇಳಿದು, ಬಕೆಟ್ಟಿನ ತಳದಿಂದ ಮತ್ತೆ ತೊಟ್ಟಿಗೆ ಬೀಳುತ್ತಿತ್ತು. ಜಾಲರಿಯ ಆ ಕಡೆ ಒಂದು ಬಲ್ಬು, ಈ ಕಡೆ ಒಂದು.

"ಅತ್ತೆ, ಇದು ನೀರು ಕ್ಲೀನ್ ಮಾಡೋ ಜಾಲರಿ. ದಿನಾ ತೊಟ್ಟಿಗೆ ಒಂದು ಚೊಂಬು ಸಿಹಿನೀರು ಹಾಕಿ, ಬತ್ತಿರತ್ತೆ. ಮೀನಿಗೆ ಒಂದು ಚಿಟಿಕೆ ತಿಂಡಿ. ಪಂಪು ನಿಂತ್ರೆ ಫೋನ್ ಮಾಡಿ. ಇನ್ನೇನೂ ಮಾಡೋದು ಬೇಡ."

ಇನ್ನೇನೂ ಮಾಡೋದು ಬೇಡ ಎಂದದ್ದು, ಅತ್ತೆಗೆ ತೊಂದರೆ ಕೊಡಬಾರದು ಎಂಬ ಉಪಚಾರದ ಮಾತು ಎಂದೇ ನಾನು ತಿಳಿದೆ. ನಮ್ಮ ಕಡೆ ಅಳಿಯಂದಿರು ಹಾಗೇ ಮಾತಾಡುತ್ತಾರೆ. ಕಾಫಿ ಬೇಡ ಎನ್ನುತ್ತಾರೆ, ಕೊಟ್ಟರೆ ಕುಡಿಯುತ್ತಾರೆ.

ಶುಕ್ರವಾರ ಬೆಳಿಗ್ಗೆ ದೇವರ ಸಾಮಾನು ತೊಳೆಯುವುದು ನನ್ನ ಪದ್ಧತಿ. ಹುಣಸೆಹಣ್ಣು, ಕಲ್ಲುಪ್ಪು ಹಾಕಿ ದೀಪದ ಕಂಬ, ಹರಿವಾಣ, ಗಂಟೆ, ಎಲ್ಲ ಉಜ್ಜಿ ಬಿಸಿನೀರಿನಲ್ಲಿ ತೊಳೆದಿಟ್ಟೆ. ಸಾಯಂಕಾಲ ಅಳಿಯ ಬರುವವರಿದ್ದರು. ಹಾಲ್ ಗುಡಿಸಿ ಬಕೆಟ್ಟಿನೊಳಗೆ ಇಣುಕಿದರೆ ಜಾಲರಿಗೆ ಕಂದು ಲೋಳೆ ಹತ್ತಿಕೊಂಡಿತ್ತು, ಗಂಜಿ ತಳ ಹಿಡಿದ ಹಾಗೆ. ನೀರು ಸೋಸುವ ಜಾಲರಿ ಇಷ್ಟು ಗಲೀಜಾಗಿದ್ದರೆ ನೀರು ಎಲ್ಲಿಂದ ಶುದ್ಧವಾಗಬೇಕು? ಕಾಫಿ ಫಿಲ್ಟರ್ ತೊಳೆಯುತ್ತೇವೆ, ಮೊಸರು ಸೋಸುವ ಬಟ್ಟೆ ಒಗೆಯುತ್ತೇವೆ. ಪಂಪಿನ ಪ್ಲಗ್ ಕಿತ್ತು, ಉಂಗುರ ಬಿಚ್ಚಿ, ಜಾಲರಿಯನ್ನು ಸಿಂಕಿಗೆ ತಂದೆ. ಅದೇ ಹುಣಸೆಹಣ್ಣು, ಅದೇ ಉಪ್ಪು. ತೂತು ತೂತಿಗೂ ಬ್ರಶ್ ಹಾಕಿ ತಿಕ್ಕಿದೆ. ಅಂಗಡಿಯಿಂದ ಬಂದ ದಿನಕ್ಕಿಂತ ಬೆಳ್ಳಗಾಯಿತು. ಛತ್ರದಲ್ಲಿ ಐವತ್ತು ಸೇರಿನ ಕೊಳಗಗಳಿಗೆ ಮಸಿಯೇ ಇರದ ಹಾಗೆ ಉಜ್ಜಿದ ಕೈ ಇದು.

ಅಳಿಯ ಬಂದವರೇ ಶೂ ಸಹ ಬಿಚ್ಚದೆ ಬಕೆಟ್ಟಿನ ಹತ್ತಿರ ಹೋದರು.

"ಬೀದಿಯೆಲ್ಲಾ ಒಳಗೆ ಬಂತು ನೋಡಿ" ಎಂದೆ.

"ಒಂದು ಚೂರೂ ಇಲ್ಲವಲ್ಲ ಅತ್ತೆ" ಎಂದರು ಜಾಲರಿ ಸವರುತ್ತಾ.

"ಎಲ್ಲಿಂದ ಬರತ್ತೆ ಬಿಡಿ" ಎಂದೆ ನಾನು. ನನಗೆ ಹೆಮ್ಮೆ. ಹೊಗಳುವವರು ನಗಬೇಕಿತ್ತಲ್ಲ ಎಂದು ಮಾತ್ರ ಅನಿಸಿತು.

ಎರಡನೇ ಶುಕ್ರವಾರವೂ ಉಜ್ಜಿದೆ. ಅಳಿಯ ಬಂದು ಬಲ್ಬು ಬದಲಾಯಿಸಿದರು. ಮೂರನೇ ಶುಕ್ರವಾರವೂ ಉಜ್ಜಿದೆ. ಅವರು ಪಂಪು ಬಿಚ್ಚಿ ನೋಡಿದರು, ಕಂಪ್ಯೂಟರ್ ಮುಂದೆ ಕೂತು ಇಂಗ್ಲಿಷ್‌ನಲ್ಲಿ ಓದಿ ಓದಿ ಏನನ್ನೋ ಬರೆದುಕೊಂಡರು. ಅಷ್ಟರಲ್ಲಿ ತೊಟ್ಟಿಯೊಳಗಿನ ಹಸಿರು ಕೂದಲು ಗೇಣುದ್ದ ಆಗಿತ್ತು. ಬೀಸಣಿಗೆ ಹುಳ ಕಾಣುತ್ತಿರಲಿಲ್ಲ. ಹನ್ನೊಂದು ಹೂವಿನಲ್ಲಿ ಅರಳುತ್ತಿದ್ದದ್ದು ನಾಲ್ಕು. ಉಳಿದವುಗಳ ಮೇಲೆ ಪಾಚಿ ಕಂಬಳಿ ಹೊದಿಸಿತ್ತು. ಬೆಳಿಗ್ಗೆ ಎಣಿಸುವುದನ್ನು ನಾನು ಬಿಟ್ಟೆ.

ನಾಲ್ಕನೇ ಶನಿವಾರ ತಿಂಡಿ ಹೊತ್ತಿಗೆ ಅಳಿಯ ತೊಟ್ಟಿ ಮುಂದೆ ನಿಂತು ಮಗಳಿಗೆ ಹೇಳಿದರು, "ಅಂಗಡಿಯವನಿಗೆ ಫೋನ್ ಮಾಡಿದೀನಿ. ನಾಳೆ ಹನ್ನೆರಡಕ್ಕೆ ಬಂದು ಎಲ್ಲಾ ತಗೊಂಡು ಹೋಗ್ತಾನೆ. ಅಲ್ಲಾದ್ರೂ ಬದುಕ್ಲಿ. ಆ ಯಂತ್ರ ಎಸೆದುಬಿಡ್ತೀನಿ."

"ಇನ್ನೊಂದು ವಾರ ನೋಡಬಹುದಿತ್ತಲ್ಲ" ಎಂದಳು ಮಗಳು.

"ನೋಡಿದ್ದಾಯ್ತು. ಎಲ್ಲರಿಗೂ ವರ್ಕ್ ಆಗತ್ತೆ, ನನಗಾಗಲ್ಲ. ನಾನು ಡಿಸೈನ್ ಮಾಡಿದ್ದು ಆ ಕಂಪನೀಲೂ ಅಷ್ಟೇ, ಇಲ್ಲೂ ಅಷ್ಟೇ."

ಅವರು ಅದನ್ನು ಕೋಪದಿಂದ ಹೇಳಲಿಲ್ಲ. ಲೆಕ್ಕ ಮುಗಿದವರ ಹಾಗೆ ಹೇಳಿದರು. ನನಗೆ ಆ ಧ್ವನಿ ಸರಿ ಕಾಣಲಿಲ್ಲ.

"ಜಾಲರಿ ಚೆನ್ನಾಗೇ ಇದೆಯಲ್ಲ, ಬೆಳ್ಳಗೆ" ಎಂದೆ.

"ಬೆಳ್ಳಗಿರೋದೇ ತೊಂದರೆ ಅತ್ತೆ. ಪಾಚಿ ಅಲ್ಲಿ ಬೆಳೀಬೇಕಿತ್ತು. ಅಲ್ಲಿ ಬೆಳೆದಿದ್ರೆ ಇಲ್ಲಿ ಬೆಳೀತಿರ್ಲಿಲ್ಲ." ನನಗೆ ಅರ್ಥವಾಗಲಿಲ್ಲ ಎಂದು ಕಂಡು ನಿಧಾನವಾಗಿ ಹೇಳಿದರು. "ನಾವು ಮೀನಿಗೆ ತಿಂಡಿ ಹಾಕ್ತೀವಿ. ತಿನ್ನತ್ವೆ, ಕಕ್ಕ ಮಾಡತ್ವೆ. ಅದು ಎಲ್ಲಿಗೆ ಹೋಗ್ಬೇಕು? ಈ ತೊಟ್ಟಿಗೆ ಮೋರಿ ಇಲ್ಲವಲ್ಲ. ನೀರಲ್ಲೇ ಕರಗಿ ಕೂತಿರತ್ತೆ. ಅದನ್ನ ತಿನ್ನೋದು ಪಾಚಿ. ಜಾಲರಿ ಮೇಲೆ ಬೆಳಕು ಜಾಸ್ತಿ, ಗಾಳಿ ಜಾಸ್ತಿ, ಒಳ್ಳೆ ಜಾಗ ಮಾಡಿಕೊಟ್ರೆ ಪಾಚಿ ಅಲ್ಲೇ ಬೆಳೆದು ಎಲ್ಲಾ ತಿಂದುಬಿಡತ್ತೆ. ಕಲ್ಲಿನ ಮೇಲಿನ ಪಾಚಿಗೆ ಊಟ ಸಿಗಲ್ಲ, ಸಾಯತ್ತೆ. ಹಾಗಾಗಬೇಕಿತ್ತು."

ಕೈಯಲ್ಲಿದ್ದ ದೋಸೆ ಸಟ್ಟುಗ ಹಾಗೇ ಹಿಡಿದುಕೊಂಡು ನಿಂತೆ. ದೋಸೆ ಸೀದಿತು.

ನಾನು ಅವತ್ತು ಹೇಳಲಿಲ್ಲ. ಈಗ ಮುಚ್ಚಿಡುವುದು ಏನೂ ಇಲ್ಲ, ಹೇಳಲು ಹೆದರಿಕೆಯಾಯಿತು. ಓದು ಬರದಿದ್ದರೂ ಕೈಕೆಲಸದಲ್ಲಿ ಯಾರೂ ನನಗೆ ಒಂದು ಮಾತು ಅಂದವರಿಲ್ಲ. ಅಳಿಯನ ಮುಂದೆ ಹೋಗಿ, ನಿಮ್ಮ ಯಂತ್ರ ಹಾಳು ಮಾಡಿದವಳು ನಾನು ಎನ್ನುವುದು ಹೇಗೆ? ಮಗುವಿಗೆ ಸ್ನಾನ ಮಾಡಿಸಿದೆ, ಸಾರು ಮಾಡಿದೆ, ಬಟ್ಟೆ ಮಡಚಿದೆ. ತೊಟ್ಟಿಗೆ ಮೋರಿ ಇಲ್ಲ ಎಂಬ ಮಾತು ತಲೆಯಿಂದ ಹೋಗಲಿಲ್ಲ. ಜೀವಮಾನವೆಲ್ಲ ನಾನು ಕೊಳೆಯನ್ನು ಉಜ್ಜಿ ಮೋರಿಗೆ ಬಿಟ್ಟವಳು. ಮೋರಿಯಿಂದಾಚೆ ಅದು ಎಲ್ಲಿಗೆ ಹೋಯಿತು, ಯಾರು ತಿಂದರು, ಒಂದು ದಿನ ಯೋಚನೆ ಮಾಡಿದವಳಲ್ಲ. ಎಲ್ಲೋ ಯಾರೋ ತಿಂದಿರಲೇಬೇಕು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಲೋಕವೇ ಈ ತೊಟ್ಟಿಯ ಹಾಗೆ ಆಗಿರಬೇಕಿತ್ತು.

ಭಾನುವಾರ ಬೆಳಿಗ್ಗೆ ಅಳಿಯ ಮೀನು ಹಿಡಿಯಲು ಬಲೆ, ಡಬ್ಬ ತಂದಿಟ್ಟುಕೊಂಡರು. ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟು, ಅವರು ಎರಡು ತುತ್ತು ತಿನ್ನುವವರೆಗೂ ಕಾದೆ. ಬರೀ ಹೊಟ್ಟೆಯಲ್ಲಿ ಕೇಳುವ ಮಾತಲ್ಲ.

"ಅಂಗಡಿಯವನಿಗೆ ಬರಬೇಡ ಅನ್ನಿ. ಜಾಲರೀಲಿ ಬೆಳೆದಿತ್ತು. ನಾನೇ ಉಜ್ಜಿದ್ದು."

"ಏನು ಅತ್ತೆ?"

"ನಾಲ್ಕು ಶುಕ್ರವಾರಾನೂ. ನೀವು ಬರೋ ಮುಂಚೆ. ಕಂದು ಬಣ್ಣಕ್ಕೆ ಬೆಳೆದಿರ್ತಿತ್ತು. ನಾನು ತೊಳೆದು ಬೆಳ್ಳಗೆ ಮಾಡಿ ಇಡ್ತಿದ್ದೆ. ನಿಮ್ಮ ಯಂತ್ರದ್ದೇನೂ ತಪ್ಪಿಲ್ಲ."

ಅವರು ತಟ್ಟೆ ಕೆಳಗಿಟ್ಟರು. "ಯಾವುದರಲ್ಲಿ ತೊಳೆದ್ರಿ? ಸೋಪು ಹಾಕಿದ್ರಾ?"

"ದೇವರ ಸಾಮಾನಿನ ಜೊತೆ ತೊಳೆಯೋದಕ್ಕೆ ಸೋಪು ಯಾರು ಹಾಕ್ತಾರೆ? ಹುಣಸೆಹಣ್ಣು, ಉಪ್ಪು. ಆಮೇಲೆ ಬಿಸಿನೀರು."

"ಸೋಪು ಹಾಕಿದ್ರೆ ಒಂದೂ ಉಳೀತಿರ್ಲಿಲ್ಲ ಅತ್ತೆ" ಎಂದರು. ಆಮೇಲೆ "ಹುಣಸೆಹಣ್ಣು" ಎಂದು ಇನ್ನೊಂದು ಸಲ ಹೇಳಿ ನಗತೊಡಗಿದರು. ಮಗಳು ಮಗುವನ್ನು ಎತ್ತಿಕೊಂಡು ಓಡಿ ಬಂದಳು. ಏನೆಂದು ಕೇಳಿದವಳೇ ಹಣೆ ಹಣೆ ಚಚ್ಚಿಕೊಂಡಳು.

"ಬಂದ ಹೊಸದ್ರಲ್ಲಿ ನನ್ನ ನಾನ್‌ಸ್ಟಿಕ್ ಬಾಂಡ್ಲೆ ಕಪ್ಪೆಲ್ಲಾ ತೆಗೆದು ಬೆಳ್ಳಗೆ ಮಾಡಿಟ್ಟಿದ್ಲು. ಆವಾಗ್ಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು ರೀ."

"ಆ ಬಾಂಡ್ಲೇಲಿ ಮಸಿ ಇತ್ತು ಕಣೆ."

"ಅದು ಮಸಿ ಅಲ್ಲಮ್ಮ, ಅದೇ ಬಾಂಡ್ಲೆ."

ಅಳಿಯ ಫೋನ್ ತೆಗೆದುಕೊಂಡು ಗರಾಜಿಗೆ ಹೋದರು. ಅಂಗಡಿಯವನಿಗೆ ಬೇಡ ಎಂದು ಹೇಳುವುದಕ್ಕೆ ಇಷ್ಟು ಹೊತ್ತು ಯಾಕೆ ಎಂದು ನಾನು ಬಾಗಿಲ ಹತ್ತಿರ ಹೋಗಿ ನೋಡಿದೆ. ಮಾತು ಮುಗಿದಿತ್ತು. ಸುಮ್ಮನೆ ಕಾರಿಗೆ ಒರಗಿ ನಿಂತಿದ್ದರು. ನಾನು ವಾಪಸ್ಸು ಬಂದು ಉಪ್ಪಿಟ್ಟು ಬಿಸಿ ಮಾಡಿದೆ.

ಅವತ್ತು ಊಟವಾದ ಮೇಲೆ ಹೊರಡುವಾಗ ಹೇಳಿದರು, "ಈ ಸಲ ಇನ್ನೇನೂ ಮಾಡೋದು ಬೇಡ ಅಂದ್ರೆ, ನಿಜವಾಗ್ಲೂ ಇನ್ನೇನೂ ಮಾಡೋದು ಬೇಡ."

"ಕೈ ಕಟ್ಟಿ ಕೂತಿರ್ತೀನಿ, ಹೋಗಿಬನ್ನಿ."

ಮಾರನೇ ದಿನದಿಂದ ಮಧ್ಯಾಹ್ನ ಅವರು ಊಟದ ಬಿಡುವಿನಲ್ಲಿ ಎಲ್ಕ್ ಗ್ರೋವ್‌ನಿಂದ ಫೋನ್ ಮಾಡುತ್ತಿದ್ದರು. "ಇವತ್ತು ಏನು ಬಣ್ಣ ಅತ್ತೆ?"

"ಬಿಳಿ."

ಗುರುವಾರ, "ಕಾಫಿ ಚೆಲ್ಲಿದ ಬಣ್ಣ."

ಆ ಶುಕ್ರವಾರ ದೀಪದ ಕಂಬ ಉಜ್ಜಿದೆ, ಹರಿವಾಣ ಉಜ್ಜಿದೆ, ಗಂಟೆ ಉಜ್ಜಿದೆ. ಬಕೆಟ್ಟಿನ ಪಕ್ಕ ಹೋಗಲಿಲ್ಲ. ಹುಣಸೆಹಣ್ಣು ಮಿಕ್ಕಿತ್ತು. ಮನೆಗೆ ಬರುವವರ ಎದುರಿಗೆ ಕೊಳೆ ಇಟ್ಟುಕೊಂಡು ಕೂರುವುದು ನನ್ನ ಮೈಗೆ ಒಗ್ಗದ ಕೆಲಸ. ಕೂತೆ.

ಎರಡನೇ ವಾರ, "ಹುಳಿಪುಡಿ ಬಣ್ಣ. ಅಂಚಿನಲ್ಲಿ ಹಸಿರು ಚುಕ್ಕಿ."

"ಹಸಿರಾ? ಎಷ್ಟಿದೆ?"

"ಸಾಸಿವೆ ಕಾಳಷ್ಟು, ಏಳೆಂಟು."

ಆ ಕಡೆ ಯಾರಿಗೋ ಇಂಗ್ಲಿಷ್‌ನಲ್ಲಿ ಹೇಳುವುದು ಕೇಳಿಸಿತು. ಫ್ಯಾಕ್ಟರಿಯಲ್ಲಿ ಅವರ ಜೊತೆ ಊಟಕ್ಕೆ ಕೂತವರೂ ನನ್ನ ಜಾಲರಿಯ ಬಣ್ಣ ಕೇಳುತ್ತಿದ್ದರಂತೆ.

ಮೂರನೇ ವಾರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಕೆಟ್ಟಿನ ಪಕ್ಕ ಸ್ಟೂಲ್ ಹಾಕಿ ಕೂತಿದ್ದೆ. ಜಾಲರಿ ಕಾಣುತ್ತಲೇ ಇರಲಿಲ್ಲ. ತೂತು ತೂತಿನಿಂದ ಹಸಿರು ಎಳೆ ಹೊರಟು, ಇಳಿಯುವ ನೀರಿನ ಜೊತೆ ಕೆಳಕ್ಕೆ ಬಾಚಿಕೊಂಡು ನಿಂತಿತ್ತು, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ. ಬಲ್ಬಿನ ಬೆಳಕು ಅದರೊಳಗೆ ಹೋಗಿ ಹಸಿರಾಗಿ ಹೊರಗೆ ಬರುತ್ತಿತ್ತು. ಎಳೆ ಎಳೆಯ ತುದಿಗೂ ಗುಳ್ಳೆ. ಗುಂಡುಸೂಜಿ ತಲೆಗಿಂತ ಸಣ್ಣದು. ಒಂದು ಬಿಟ್ಟುಕೊಂಡರೆ ಅಲ್ಲೇ ಇನ್ನೊಂದು. ಉಸಿರಾಡುತ್ತಿದೆ ಎಂದು ಅಳಿಯ ಫೋನಿನಲ್ಲಿ ಹೇಳಿದ್ದರು. ನಾನು ನಂಬಿರಲಿಲ್ಲ. ಕಣ್ಣಿಗೆ ಹತ್ತಿರ ಹೋಗಿ ನೋಡಿದರೆ ಆ ಹಸಿರಿನ ಬುಡದಲ್ಲಿ ಚಿರೋಟಿ ರವೆಯಷ್ಟು ಬಿಳಿ ಹುಳಗಳು, ಲೆಕ್ಕವಿಲ್ಲದಷ್ಟು, ಅವಕ್ಕೂ ಕಾಲು, ಅವಕ್ಕೂ ಹೊಟ್ಟೆ, ಮೇಯುತ್ತಿದ್ದವು. ಯಾರೂ ತಂದು ಬಿಟ್ಟದ್ದಲ್ಲ. ಆ ಕಲ್ಲಿನೊಳಗೆ ಕೂತಿದ್ದವರೇ, ಜಾಗ ಸಿಕ್ಕಿತೆಂದು ಬಂದು ಸಂಸಾರ ಹೂಡಿದ್ದರು. ನಾನು ನಾಲ್ಕು ಸಲ ಬಿಸಿನೀರಿನಲ್ಲಿ ಹೊಡೆದು ಕಳಿಸಿದ ಮೇಲೂ ಬಂದಿದ್ದರು.

ಎರಡು ಮೀನಿನ ಕಕ್ಕದಿಂದ ಇಷ್ಟು ದೊಡ್ಡ ಊರು ಎದ್ದಿತ್ತು. ಸಣ್ಣವಳಿದ್ದಾಗ ಬಾವಿಕಟ್ಟೆ ಪಾಚಿಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡವಳು ನಾನು. ಪಾಚಿ ಎಂದರೆ ಕೆರೆದು ಸುಣ್ಣ ಹಾಕುವುದು, ಅಷ್ಟೇ ಗೊತ್ತಿದ್ದದ್ದು. ಅದರ ಮುಂದೆ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತೇನೆ ಎಂದು ಯಾರಾದರೂ ಹೇಳಿದ್ದರೆ ಬೈದು ಕಳಿಸುತ್ತಿದ್ದೆ. ದೇವರ ಮನೆಯಲ್ಲಿ ಅಷ್ಟು ಹೊತ್ತು ಅಲ್ಲಾಡದೆ ಕೂತವಳಲ್ಲ.

ತೊಟ್ಟಿಯೊಳಗೆ ಕಲ್ಲಿನ ಮೇಲಿನ ಕೂದಲು ಬಿಳುಚಿಕೊಂಡು ಉದುರುತ್ತಿತ್ತು. ಹೂವು ಎಣಿಸಿದೆ. ಆರು. ಎರಡು ದಿನ ಬಿಟ್ಟು ಎಂಟು.

ಆ ಶುಕ್ರವಾರ ಅಳಿಯ ಬಂದಾಗ ಹೊರಗೆ ಇನ್ನೂ ಬಿಸಿಲಿತ್ತು. ಶೂ ಬಿಚ್ಚಿದರು. ಕೈಕಾಲು ತೊಳೆದರು. ಮಗುವನ್ನು ಎತ್ತಿಕೊಂಡು ಕೂತು ಕಾಫಿ ಕೇಳಿದರು. ತೊಟ್ಟಿಯ ಕಡೆ ತಿರುಗಲಿಲ್ಲ.

"ನೋಡಲ್ವಾ?" ಎಂದೆ.

"ಮೆಂತ್ಯದ ಸೊಪ್ಪಿನ ಬಣ್ಣ ಅಂತ ನೀವೇ ಹೇಳಿದ್ರಲ್ಲ."

ಕಾಫಿ ಮುಗಿಸಿ ಲೋಟ ಸಿಂಕಿಗೆ ಇಟ್ಟು, ತಾವೇ ಪ್ಲಗ್ ಕಿತ್ತು ಉಂಗುರ ಬಿಚ್ಚಿ ಜಾಲರಿ ತಂದು ನನ್ನ ಕೈಗೆ ಕೊಟ್ಟರು. ಒದ್ದೆ ಟವೆಲಿನಷ್ಟು ಭಾರ.

"ಶುಕ್ರವಾರ ಅಲ್ವಾ ಅತ್ತೆ. ಉಜ್ಜಿ."

"ತಮಾಷೆ ಮಾಡ್ತೀರಾ?"

"ಇಲ್ಲ, ವಾರಕ್ಕೊಂದ್ಸಲ ಕೆರೆದು ತೆಗೀಬೇಕು. ಅದು ತಿಂದ ಕೊಳೆಯೆಲ್ಲಾ ಅದರ ಜೊತೆಗೇ ಆಚೆ ಹೋಗೋದು. ಮೋರಿ ಅಂದ್ರೆ ಇದೇ. ಆದ್ರೆ ಅರ್ಧ ಮಾತ್ರ. ಇನ್ನರ್ಧ ಮುಂದಿನ ಶುಕ್ರವಾರ. ಬುಡ ಕೀಳಬೇಡಿ. ಹುಣಸೆಹಣ್ಣು ಬೇಡ."

ತಣ್ಣೀರು ಬಿಟ್ಟುಕೊಂಡು ಬೆರಳಲ್ಲೇ ಎಡಗಡೆಯಿಂದ ಕೆರೆದೆ. ಹಸಿರು ಮುದ್ದೆ ಮುದ್ದೆಯಾಗಿ ಬಂತು. ವಾಸನೆ ನೋಡಿದೆ, ಮಳೆ ನಿಂತ ಮೇಲಿನ ಗದ್ದೆಯ ವಾಸನೆ. ಒಂದು ಬಟ್ಟಲು ತುಂಬಿತು. ಎಡಗಡೆಯ ಅರ್ಧದಲ್ಲಿ ಜಾಲರಿ ಕಂಡಿತು, ತೆಳ್ಳಗೆ ಹಸಿರು ಬುಡ ಉಳಿಸಿಕೊಂಡು. ಬಲಗಡೆ ಹಾಗೇ ತುಂಬಿಕೊಂಡಿತ್ತು. ಕೈ ತಾನಾಗಿ ಅತ್ತ ಹೋಯಿತು. ಇನ್ನೊಂದು ನಾಲ್ಕು ಸಲ ಎಳೆದರೆ ಪೂರ್ತಿ ಶುದ್ಧ. ಐವತ್ತು ವರ್ಷ ಈ ಕೈ ಯಾವ ಪಾತ್ರೆಯನ್ನೂ ಅರ್ಧ ಉಜ್ಜಿ ಇಟ್ಟದ್ದಿಲ್ಲ.

"ಅತ್ತೆ" ಎಂದರು ಅಳಿಯ ಹಿಂದಿನಿಂದ.

"ನನಗೆ ಗೊತ್ತು" ಎಂದೆ.

ನಲ್ಲಿ ನಿಲ್ಲಿಸಿ, ಅರ್ಧ ಹಸಿರು ಜಾಲರಿಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಉಂಗುರಕ್ಕೆ ಸಿಕ್ಕಿಸಿ ಪಂಪು ಹಾಕಿದರು. ನೀರು ಇಳಿಯಿತು. ಬಲಗಡೆಯ ಹಸಿರು ಮತ್ತೆ ತಲೆ ಬಾಚಿಕೊಂಡಿತು. ದೀಪ ಹಚ್ಚುವ ಹೊತ್ತಾಗಿತ್ತು. ಉಜ್ಜಿಟ್ಟ ಕಂಬಕ್ಕೆ ಎಣ್ಣೆ ಹಾಕಲು ನಾನು ಹೊರಟೆ. ಹೋಗುವಾಗ, ಹೂವು ಮುಚ್ಚುವ ಮುಂಚೆ, ಒಂದು ಸಲ ಎಣಿಸಿದೆ. ಹತ್ತು ಬಾಯಿ ತೆರೆದಿದ್ದವು.